ಕರೆವ್ವನ ಕಾಲು ನಿಂತಲ್ಲಿ

ಮಾತುಗಳಿಗೆ ಇನ್ನೂ ಅಕ್ಷರದ ಅಂಗಿ ತೊಡಿಸಿರದ ಕಾಲದಲ್ಲಿ, ಅವು ಹಕ್ಕಿಗಳ ಹಾಗೆ ಊರಿಂದೂರಿಗೆ ಹಾರಾಡಿಕೊಂಡಿದ್ದಾಗ, ಒಂದು ಊರಿನ ಅಗಸೆ ಬಾಗಿಲಲ್ಲಿ ಒಬ್ಬ ಮುದುಕಿ ಕೂತಿರುತ್ತಿದ್ದಳಂತೆ. ಒಳಗೆ ಹೋಗುವ ಪ್ರತಿ ಮಾತೂ ಮೊದಲು ಅವಳ ಕಿವಿಯೊಳಗೆ ಹಾದು ಹೋಗಬೇಕು. ಜೊಳ್ಳು ಮಾತನ್ನು ಅವಳು ಅಲ್ಲೇ ತಡೆಯುತ್ತಿದ್ದಳಂತೆ, ಗಟ್ಟಿ ಮಾತನ್ನು ಮಾತ್ರ ಒಳಗೆ ಬಿಡುತ್ತಿದ್ದಳಂತೆ. ಅಜ್ಜಿಯರು ಹೇಳುವ ಕಥೆಯಲ್ಲಿ ಆ ಮುದುಕಿಗೆ ಹೆಸರಿಲ್ಲ. ಗಜೇಂದ್ರಗಡದಲ್ಲಿ ಇದೆ. ಕರೆವ್ವ.

ಬೆಳಕು ಇನ್ನೂ ಬೆಟ್ಟ ಇಳಿದಿಲ್ಲ. ಹತ್ತಿ ವ್ಯಾಪಾರಿ ಪ್ರಭುಲಿಂಗಪ್ಪನವರ ಹಳೆಯ ಮನೆಯ ಪಡಸಾಲೆಯಲ್ಲಿ ಕರೆವ್ವ ಮೂರು ಕಾಲಿನ ಗಿಡ್ಡ ಮಣೆಯ ಮೇಲೆ ಕೂತಿದ್ದಾಳೆ. ಮುಂದೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಮೊಳಕ್ಕೆ ತುಸು ಕಡಿಮೆಯ ಕಬ್ಬಿಣದ ಸಲಾಕೆ. ಕಟ್ಟಿಗೆಯ ಅಟ್ಟೆ ಕಟ್ಟಿಕೊಂಡ ಎರಡು ಪಾದಗಳನ್ನು ಸಲಾಕೆಯ ಎರಡು ತುದಿಗಿಟ್ಟು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಾಳೆ. ಎಡಗೈ ಹತ್ತಿ ಉಣಿಸುತ್ತದೆ, ಬಲಗೈ ಅರಳೆ ಎಳೆದುಕೊಳ್ಳುತ್ತದೆ, ಕಾಳು ಈಚೆ ಸಿಡಿದು ಬೀಳುತ್ತದೆ. ಘರ್ರ್, ಘರ್ರ್. ಬೀದಿಯವರಿಗೆ ಬೆಳಗಾಯಿತೆಂದು ತಿಳಿಯುವುದು ಈ ಸದ್ದಿನಿಂದಲೇ.

ಬಾಗಿಲ ಹೊಸ್ತಿಲ ಮೇಲೆ ಕೆಂಪು ಗಡ್ಡದ ಸಣ್ಣ ಪಾದ್ರಿ ಕಾಗದ ಹಿಡಿದು ಕೂತು ಓದುತ್ತಿದ್ದಾರೆ. ಸಲಾಕೆ ಉರುಳುವ ತನಕ ಅವರ ಬಾಯಿ ನಡೆಯುತ್ತದೆ. "ತಮ್ಮ ಕೃಪಾಕಟಾಕ್ಷವನ್ನು ಬೀರಿ..." ಎನ್ನುತ್ತಲೇ ಸಲಾಕೆ ನಿಲ್ಲುತ್ತದೆ. ಪಾದ್ರಿಯೂ ನಿಲ್ಲುತ್ತಾರೆ.

"ಏನಾಯಿತು, ಅಜ್ಜಿಯವರೇ?"

"ಕಟಕ ರೊಟ್ಟಿ ತಿಂದೇನ್ರಿ. ಕಟಾಕ್ಷ ತಿಂದಿಲ್ಲ."

ಪಾದ್ರಿ ಆ ಪದಕ್ಕೆ ಗೀಟು ಹಾಕಿ 'ದಯೆಯ ಕಣ್ಣು ತೆರೆದು' ಎಂದು ಬರೆದು ಮತ್ತೆ ಓದುತ್ತಾರೆ. ಸಲಾಕೆ ಉರುಳುತ್ತದೆ. ಕರೆವ್ವ ಒಂದು ಹತ್ತಿಕಾಳನ್ನು ಹೆಕ್ಕಿ ಪಕ್ಕದ ಮಣ್ಣಿನ ಗಡಿಗೆಗೆ ಹಾಕುತ್ತಾಳೆ. ಅವಳ ಕಾಲು ನಿಂತ ಕಡೆ ಮಾತು ಕೆಟ್ಟಿದೆ ಎಂದು ಅರ್ಥ. ಇದೇ ಅವಳ ಎರಡನೆಯ ಕೆಲಸ, ಯಾವ ಊರಿನ ಕಸುಬಿನ ಪಟ್ಟಿಯಲ್ಲೂ ಇಲ್ಲದ ಕೆಲಸ: ಕೇಳುವುದು.

ಕರೆವ್ವನಿಗೆ ಈಗ ಅರವತ್ತರ ಹತ್ತಿರ. ಹುಟ್ಟಿದ್ದು ಇಲ್ಲೇ ಪುರ್ತಗೇರಿಯಲ್ಲಿ. ಗಂಡ ವಾಂತಿಭೇದಿಗೆ ತೀರಿಕೊಂಡಾಗ ಅವಳಿಗೆ ಇಪ್ಪತ್ತನಾಲ್ಕು. ಅಂದು ಬರಿದಾದ ಕೈಗೆ ಸಿಕ್ಕಿದ್ದು ಹತ್ತಿ, ಕಾಲಿಗೆ ಸಿಕ್ಕಿದ್ದು ಈ ಸಲಾಕೆ. ಎರಡು ಹೆಣ್ಣುಮಕ್ಕಳನ್ನು ಬೆಳೆಸಿ ಮದುವೆ ಮಾಡಿಕೊಟ್ಟದ್ದು ಇದೇ ಕಲ್ಲಿನ ಮುಂದೆ ಕೂತು. ಹೊತ್ತು ತಿರುಗುವುದರೊಳಗೆ ಹನ್ನೆರಡು ಸೇರು ಹತ್ತಿ ಬಿಡಿಸುತ್ತಾಳೆ, ನಾಲ್ಕು ಸೇರು ಅರಳೆ ಕೊಡುತ್ತಾಳೆ. ಹಿಮ್ಮಡಿಯ ಮೇಲೆ ಹುಣಸೆ ಬೀಜದಂಥ ಗಂಟುಗಳಿವೆ. ಚಳಿಗಾಲದಲ್ಲಿ ಪಾದ ಬಿರಿದು ಅರಳೆಗೆ ಕೆಂಪು ಹತ್ತುತ್ತದೆಂದು ಬಟ್ಟೆ ಸುತ್ತಿಕೊಳ್ಳುತ್ತಾಳೆ. "ಮಾಲಿಗೆ ಕಲಿ ಆಗಬಾರದಲ್ರಿ," ಎನ್ನುವ ಅವಳ ಮಾತಿನಲ್ಲಿ ನೋವಿನ ಸುದ್ದಿಯೇ ಇಲ್ಲ.

ಕೇಳುವ ಕೆಲಸ ಅವಳನ್ನು ಹುಡುಕಿಕೊಂಡು ಬಂದು ಏಳು ವರ್ಷವಾಯಿತು. ಆಗಷ್ಟೇ ಇಬ್ಬರು ಪಾದ್ರಿಗಳು ಈ ಮನೆಯ ಒಳಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದರು. ಬಿಳಿ ಗಡ್ಡದ ದೊಡ್ಡ ಪಾದ್ರಿ ತಾವು ಕನ್ನಡಕ್ಕೆ ತಂದ ಶಾಸ್ತ್ರವನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದಾಗ ಒಂದು ಕಡೆ ಹೊರಗಿನ ಘರ್ರ್ ಸದ್ದು ನಿಂತಿತು. ಮತ್ತೆ ಓದಿದರು, ಮತ್ತೆ ನಿಂತಿತು. ಎದ್ದು ಬಂದು ಕೇಳಿದರೆ ಕರೆವ್ವ, "ನಿಮ್ಮ ಸ್ವಾಮಿ ಒಲಿ ಗುಡ್ಡಕ್ಕ ಹೋದಾ ಅಂದ್ರಲ್ರಿ. ಗುಡ್ಡದ ತುಂಬ ಒಲಿ? ಅಷ್ಟು ಮಂದಿಗೆ ಅಡಗಿ ಮಾಡ್ತಿದ್ರೇನು?" ಎಂದಳು. ಒಲೀವ ಎಂಬ ಮರದ ಗುಡ್ಡ ಅಂದಿನಿಂದ ಎಣ್ಣೆಮರದ ಗುಡ್ಡವಾಯಿತು. ಅವತ್ತೇ ದೊಡ್ಡ ಪಾದ್ರಿ ಕಟ್ಟಳೆ ಮಾಡಿದರು: ಕರೆವ್ವನ ಕಾಲು ದಾಟದ ಹಾಳೆ ಅಚ್ಚಿಗೆ ಹೋಗಕೂಡದು.

ಗಡಿಗೆಯಲ್ಲಿ ಈಗ, ತಿದ್ದಿದ ಮಾತಿಗೊಂದರಂತೆ, ಆರುನೂರ ನಲವತ್ತಕ್ಕೂ ಮಿಕ್ಕಿ ಕಾಳುಗಳಿವೆ. ಅದರಲ್ಲಿ ಇನ್ನೂರು ಸಣ್ಣ ಪಾದ್ರಿಯ ಮೊದಲ ವರ್ಷದವು. ಅಚ್ಚಾದ ಪುಸ್ತಕಗಳ ಮೊದಲ ಹಾಳೆಯಲ್ಲಿ ಪಾದ್ರಿಗಳ ಹೆಸರಿದೆ, ಅಚ್ಚು ಹಾಕಿದ ಊರಿನ ಹೆಸರಿದೆ. ಕರೆವ್ವನದು ಇಲ್ಲ. ಅವಳಿಗೆ ಅದರ ಗೊಡವೆಯೂ ಇಲ್ಲ.

"ಮಂದಿ ಕೇಳತಾರ್ರಿ, ನೀನೂ ಅವರ ಮತಕ್ಕ ಹೋದಿ ಏನಬೇ ಅಂತ. ನಾ ಹೋಗಿಲ್ಲ. ನನ್ನ ಕಿವಿ ಅಷ್ಟ ಹೋಗ್ಯಾವು. ಕೆಲಸ ಮುಗದ ಮ್ಯಾಲೆ ಅವೂ ಮನಿಗೆ ಬರತಾವು."

ಆದರೆ ಈ ಹೊತ್ತು ಹೊಸ್ತಿಲ ಮೇಲೆ ಓದುತ್ತಿರುವುದು ಶಾಸ್ತ್ರವಲ್ಲ. ಅರ್ಜಿ. ಒಂದು ಜೀವದ ಅರ್ಜಿ.

ನರಗುಂದದ ಗದ್ದಲವಾಗಿ ಎಂಟು ತಿಂಗಳಾಗಿದೆ. ಬಂಡೆದ್ದ ಅರಸನ ಕೋಟೆ ಬಿದ್ದ ಮೇಲೆ ಊರೂರಿನಲ್ಲಿ ಹತಾರ ಒಪ್ಪಿಸಿರೆಂದು ಡಂಗುರವಾಯಿತು. ಮುಶಿಗೇರಿಯ ಶಿವನಪ್ಪ ಎಂಬ ಚಾವಡಿಯ ಜವಾನ ಗಜೇಂದ್ರಗಡದ ಮನೆಮನೆಗೆ ಬಂದು ಪಟ್ಟಿ ಒದರುತ್ತಿದ್ದ: ಕತ್ತಿ, ಭರ್ಚಿ, ಬಂದೂಕು, ಬಿಲ್ಲು. ಹತ್ತಿ ಹಿಂಜುವ ಇಸ್ಮಾಯಿಲಸಾಬನ ಬಾಗಿಲಲ್ಲಿ ನಿಂತು, "ಮನ್ಯಾಗ ಬಿಲ್ಲ ಐತೇನು?" ಎಂದು ಕೇಳಿದ. "ಐತ್ರಿ. ಅದರ ಮ್ಯಾಲಽ ಹೊಟ್ಟಿ ನಡದೈತಿ," ಎಂದ ಇಸ್ಮಾಯಿಲಸಾಬ. ಅರಳೆ ಹಿಂಜುವ ಬಿಲ್ಲು ಅವನ ಆಳೆತ್ತರದ್ದು, ಬಾಣ ಹೂಡುವಂಥದ್ದಲ್ಲ. ಶಿವನಪ್ಪನಿಗೆ ಅದು ಕಣ್ಣಿಗೆ ಕಾಣುತ್ತಿತ್ತು. ಆದರೆ ಪಟ್ಟಿಯಲ್ಲಿ ಬಿಲ್ಲು ಎಂದೇ ಇತ್ತು, ಯಾವ ಬಿಲ್ಲೆಂದು ಇರಲಿಲ್ಲ. ಒಬ್ಬ ಎಳೆದ, ಇನ್ನೊಬ್ಬ ಬಿಡಲಿಲ್ಲ. ತಂತಿ ಮೀಟುವ ಮರದ ಕೊಡತಿ ಇಸ್ಮಾಯಿಲಸಾಬನ ಕೈಯಲ್ಲಿತ್ತು. ಅದು ಶಿವನಪ್ಪನ ತಲೆಗೆ ಬಿತ್ತು. ಹೊಡೆದವನೇ ನೀರು ತಂದು ಕುಡಿಸಿದ. ಏಳನೆಯ ದಿನ ಶಿವನಪ್ಪ ತೀರಿಕೊಂಡ.

ಕಚೇರಿಯ ಕಾಗದದಲ್ಲಿ ಇಸ್ಮಾಯಿಲಸಾಬ ಬಿಲ್ಲು ಇಟ್ಟುಕೊಂಡಿದ್ದ ಬಂಡುಕೋರನಾದ. ಧಾರವಾಡದಲ್ಲಿ ಗಲ್ಲಿನ ತೀರ್ಪಾಯಿತು. ಮುಂಬಯಿಯಿಂದ ಅದು ಕಾಯಂ ಆಗಿ ಬರುವುದರೊಳಗೆ ಅರ್ಜಿ ಧಾರವಾಡದ ಸಾಹೇಬರಿಗೆ ಮುಟ್ಟಿದರೆ ಮುಟ್ಟಿತು. ಉಳಿದಿರುವುದು ಒಂಬತ್ತು ದಿನ. ಅರ್ಜಿಯಲ್ಲಿ ಸತ್ತವನ ಹೆಂಡತಿಯ ಗುರುತು ಇದ್ದರೆ ಸಾಹೇಬರು ಕಿವಿಗೊಡುತ್ತಾರೆಂದು ತಿಳಿದವರು ಹೇಳಿದ್ದಾರೆ. ಆ ಹೆಂಡತಿ, ಮುಶಿಗೇರಿಯ ರೇಣುಕವ್ವ, ಮೊನ್ನೆ ಸಣ್ಣ ಪಾದ್ರಿ ಕಾಗದ ಹಿಡಿದು ಹೋದಾಗ ಬಾಗಿಲು ಮುಚ್ಚಿಕೊಂಡಳು.

ಅವತ್ತೇ ಸಂಜೆ ಇಸ್ಮಾಯಿಲಸಾಬನ ಹೆಂಡತಿ ಖಾಜಾಬಿ ಬಂದು ಕರೆವ್ವನ ಕಲ್ಲಿನ ಹತ್ತಿರ ಕೂತಿದ್ದಳು. ಎಡಗೈಯ ಬಳೆಗಳ ಮೇಲೆ ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದಳು. ಸುತ್ತಿದ್ದೇಕೆಂದು ಕರೆವ್ವ ಕೇಳಲಿಲ್ಲ. ಸದ್ದಾದರೆ ಎಣಿಸಬೇಕೆನ್ನಿಸುತ್ತದೆ, ಎಣಿಸಿದರೆ ಒಡೆಯುವ ದಿನ ನೆನಪಾಗುತ್ತದೆ. ಆ ದಿನವನ್ನು ಕರೆವ್ವನೂ ಕಂಡವಳೇ.

"ಯಕ್ಕಾ, ನಿಂಗ ಅವರ ಮಾತು ತಿಳಿತಾವು. ನನ್ನ ಮಾತು ಅದರಾಗ ಹಾಕಸು," ಎಂದಳು ಖಾಜಾಬಿ.

"ಕಡೀ ಅಕ್ಷರದ ತನಕ ನಾ ಕೇಳತೀನಿ," ಎಂದಳು ಕರೆವ್ವ. "ಏನಾತು ಅನ್ನೂದನ್ನ ನಾನಽ ಬಂದು ನಿಂಗ ಹೇಳತೀನಿ. ಬ್ಯಾರೆಯವರ ಬಾಯಿಂದ ಕೇಳಬ್ಯಾಡ." ಕೊಟ್ಟ ಮಾತು ಅಷ್ಟೇ. ಅಂದಿನಿಂದ ಅವಳ ಕಾಲಿಗೆ ಅದರದೇ ಭಾರ.

ಓದು ಮುಂದುವರಿಯುತ್ತದೆ. "ಆತನ ಮನೆಯಲ್ಲಿ ಬಿಲ್ಲು ಸಿಕ್ಕಿದ್ದು ನಿಜ..." ಸಲಾಕೆ ನಿಲ್ಲುತ್ತದೆ.

"ಯಾವ ಬಿಲ್ಲು?"

"ಹಿಂಜುವ ಬಿಲ್ಲು. ಎಲ್ಲರಿಗೂ ತಿಳಿದದ್ದೇ."

"ತಿಳಿದಿದ್ರ ಶಿವನಪ್ಪ ಯಾಕ ಸಾಯ್ತಿದ್ದ? ಹತ್ತಿ ಹಿಂಜೂ ಬಿಲ್ಲು ಅಂತ ಬರೀರಿ. ಬಾಣ ಇಲ್ಲದ್ದು ಅಂತನೂ ಬರೀರಿ. ಒಂದ ಮಾತು ಬಿಟ್ಟದ್ದಕ್ಕ ಒಂದ ಹೆಣ ಬಿತ್ತು."

ಪಾದ್ರಿ ಬರೆಯುತ್ತಾರೆ. ಇನ್ನೊಂದು ಕಾಳು ಗಡಿಗೆಗೆ. ಆಮೇಲೆ ಕರೆವ್ವ ಕೇಳುತ್ತಾಳೆ: ರೇಣುಕವ್ವ ಬಾಗಿಲು ಮುಚ್ಚುವಂಥದ್ದು ಏನು ಹೇಳಿದಿರಿ? ಏನೂ ಇಲ್ಲ, ಎನ್ನುತ್ತಾರೆ ಪಾದ್ರಿ. ಅದಕ್ಕೂ ಹಿಂದಿನ ವಾರ ರೋಣದ ಸಂತೆಯಲ್ಲಿ ಕ್ಷಮೆಯ ಬಗ್ಗೆ ಬೋಧಿಸಿದ್ದುಂಟು, ರೇಣುಕವ್ವನೂ ಅಲ್ಲಿದ್ದಳು. ಪುಸ್ತಕದ 'ಕೆನ್ನೆ' ಜನರಿಗೆ ದೂರವಾದೀತೆಂದು ಈ ಸೀಮೆಯ ಮಾತನ್ನೇ ಬಳಸಿದೆ, ಎಂದು ಅವರು ತುಸು ಹೆಮ್ಮೆಯಿಂದಲೇ ಹೇಳುತ್ತಾರೆ.

"ಏನಂದ್ರಿ?"

"ಇಸ್ಮಾಯಿಲಸಾಬನಿಗೆ ಗಲ್ಲು ಆಗಿದೆ. ಆದರೆ ನಾವೇನು ಮಾಡಬೇಕು? ಒಂದು ಗಲ್ಲಕ್ಕೆ ಹೊಡೆದವನಿಗೆ ಇನ್ನೊಂದು ಗಲ್ಲ ಕೊಡಿರಿ, ಎಂದೆ."

ಘರ್ರ್ ಸದ್ದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಕರೆವ್ವ ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಈ ಸೀಮೆಯ ಬಾಯಿ ಮಾತಿನ ಕೊನೆಯ ಉಕಾರವನ್ನು ನುಂಗುತ್ತದೆ. ಇಲ್ಲಿ ಕೆನ್ನೆಯೂ ಗಲ್ಲ, ನೇಣು ಹಾಕುವ ಗಲ್ಲೂ ಗಲ್ಲ.

"ಎಪ್ಪಾ, ಏನ್ ಮಾಡಿ ಬಂದ್ರಿ! ಇಸ್ಮಾಯಿಲಗ ಒಂದ ಗಲ್ಲ ಆಗೇತಿ, ಇನ್ನೊಂದ ಗಲ್ಲ ಕೊಡ್ರಿ ಅಂತ ಸಂತ್ಯಾಗ ಒದರೀರಿ! ಒಬ್ಬಾವಂದು ಸಾಲದಂತ, ಆ ಮನ್ಯಾಗಿನ ಇನ್ನೊಬ್ಬರ್ನೂ ಹಾಕ್ರಿ ಅಂತ ಕೇಳಸೇತಿ ಆಕಿಗೆ."

ಪಾದ್ರಿಯ ಮುಖ ಗಡ್ಡದ ಬಣ್ಣಕ್ಕೆ ತಿರುಗುತ್ತದೆ. "ನಾನು ಅದನ್ನು ನಿಮಗೆ ಓದಿ ತೋರಿಸಲಿಲ್ಲ," ಎನ್ನುತ್ತಾರೆ, ಸಣ್ಣ ದನಿಯಲ್ಲಿ.

"ಹೌದ್ರಿ. ಕಪಾಳ ಅನಬೇಕಿತ್ತು. ಕಪಾಳಕ್ಕ ಯಾರೂ ಹಗ್ಗ ಕಟ್ಟೂದಿಲ್ಲ."

ಗದ್ದಲ ಕೇಳಿ ದೊಡ್ಡ ಪಾದ್ರಿ ಒಳಗಿನಿಂದ ಬರುತ್ತಾರೆ. ಇಬ್ಬರ ನಡುವೆ ತಮ್ಮ ದೇಶದ ಮಾತಿನಲ್ಲಿ ಬಿರುಸಿನ ವಾದ ಹತ್ತಿಕೊಳ್ಳುತ್ತದೆ. ಇದು ಇವತ್ತಿನದಲ್ಲ, ತೀರ್ಪು ಬಂದ ದಿನದಿಂದ ಇಬ್ಬರೂ ಊಟಕ್ಕೆ ಕೂತರೂ ಇದೇ, ಎದ್ದರೂ ಇದೇ. ಕರೆವ್ವ, "ಕನ್ನಡದಾಗ ಜಗಳಾಡ್ರಿ. ನನ್ನ ಕಾಲಿಗೂ ಕೆಲಸ ಇರ್ಲಿ," ಎನ್ನುತ್ತಾಳೆ. ಇಬ್ಬರೂ ಗಕ್ಕನೆ ನಿಂತು, ಕನ್ನಡಕ್ಕೆ ತಿರುಗುತ್ತಾರೆ.

ದೊಡ್ಡ ಪಾದ್ರಿ ಹೇಳುತ್ತಾರೆ: ಮನುಷ್ಯನನ್ನು ದೇವರು ತನ್ನ ಹೋಲಿಕೆಯಲ್ಲಿ ಮಾಡಿದ್ದಾನೆ. ಅಂಥ ಜೀವ ತೆಗೆದವನು ಬೇರೇನು ಕೊಟ್ಟರೂ ಅದಕ್ಕೆ ಸಾಟಿಯಾಗದು, ತನ್ನದನ್ನೇ ಕೊಡಬೇಕು. ಅದಕ್ಕೆಂದೇ ಆಳುವವರ ಕೈಗೆ ಕತ್ತಿ ಕೊಟ್ಟಿದ್ದು. "ನನ್ನ ಕೆನ್ನೆಗೆ, ಅಲ್ಲ, ಕಪಾಳಕ್ಕೆ ಬಿದ್ದ ಪೆಟ್ಟನ್ನು ನಾನು ಕ್ಷಮಿಸಬಹುದು. ರೇಣುಕವ್ವನ ಕಪಾಳಕ್ಕೆ ಬಿದ್ದುದನ್ನು ಕ್ಷಮಿಸಲು ನಾನು ಯಾರು? ಈ ಅರ್ಜಿಯಲ್ಲಿ ಕೊಂದವನ ಹೆಂಡತಿ ಇದ್ದಾಳೆ, ಕೊಂದವನ ಮಕ್ಕಳಿದ್ದಾರೆ. ಸತ್ತವನು ಎಲ್ಲಿ?"

ಸಣ್ಣ ಪಾದ್ರಿ ಬಿಡುವುದಿಲ್ಲ. ಲೋಕದ ಮೊದಲ ಕೊಲೆಯಲ್ಲಿ ಅಣ್ಣ ತಮ್ಮನನ್ನು ಕೊಂದಾಗ ದೇವರು ಅವನನ್ನು ಕೊಲ್ಲಲಿಲ್ಲ. ಯಾರೂ ಇವನನ್ನು ಮುಟ್ಟಬಾರದೆಂದು ಮೈಮೇಲೆ ಗುರುತು ಹಾಕಿ ಕಳಿಸಿದ. ಕಲ್ಲು ಹಿಡಿದು ಹೆಂಗಸನ್ನು ಕೊಲ್ಲಲು ನಿಂತವರನ್ನು ನಮ್ಮ ಸ್ವಾಮಿ ತಡೆದ. ಆ ಸ್ವಾಮಿಯನ್ನೇ ಸರ್ಕಾರವೊಂದು ತೀರ್ಪು ಕೊಟ್ಟು ಮರಕ್ಕೇರಿಸಿತಲ್ಲ, ಆ ತೀರ್ಪು ಸರಿಯಿತ್ತೇ? "ಸತ್ತವನು ಪಶ್ಚಾತ್ತಾಪ ಪಡಲಾರ. ಬದುಕಿದ್ದರೆ ಪಟ್ಟಾನು."

"ಹಗ್ಗ ಕಂಡ ಮೇಲೆಯೇ ಪಶ್ಚಾತ್ತಾಪ ಪಟ್ಟವರನ್ನು ನಾನು ಕಂಡಿದ್ದೇನೆ," ಎನ್ನುತ್ತಾರೆ ದೊಡ್ಡ ಪಾದ್ರಿ. ಅವರ ದನಿ ಇಳಿದಿದೆ. "ಒಬ್ಬನ ಕೈ ಹಿಡಿದು ಹಲಗೆಯ ತನಕ ನಡೆದಿದ್ದೇನೆ. ಇದು ನನಗೆ ಸುಲಭದ ಮಾತೆಂದು ತಿಳಿಯಬೇಡ."

ಇಷ್ಟು ಹೊತ್ತೂ ಸಲಾಕೆ ಒಂದೇ ಸಮನೆ ಉರುಳಿದೆ. ಇಬ್ಬರೂ ಕರೆವ್ವನ ಪಾದ ನೋಡುತ್ತ ನಿಂತಿದ್ದಾರೆ, ತೀರ್ಪು ಅಲ್ಲೇ ಇದೆಯೆಂಬ ಹಾಗೆ.

"ಇಬ್ಬರದೂ ತಿಳಿತೈತ್ರಿ. ಎಲ್ಲೂ ಕಾಲು ನಿಲ್ಲವಲ್ದು. ಅದಽ ತ್ರಾಸ," ಎನ್ನುತ್ತಾಳೆ ಅವಳು. "ದೊಡ್ಡಪ್ಪಾರು ಹೇಳಿದ್ದು ಖರೇ ಇದ್ರ ಕೇಳಬೇಕಾದ್ದು ರೇಣುಕವ್ವನ್ನ. ಸಣ್ಣಪ್ಪಾರು ಹೇಳಿದ್ದು ಖರೇ ಇದ್ರೂ ಕೇಳಬೇಕಾದ್ದು ಆಕಿನ್ನಽ. ಗಾಡಿ ಕಟ್ರಿ."

ದೊಡ್ಡ ಪಾದ್ರಿ ಗಡ್ಡ ನೀವಿಕೊಂಡು ತಮ್ಮ ಕರಾರು ಹೇಳುತ್ತಾರೆ. ಗಲ್ಲು ಎಂಬುದೇ ತಪ್ಪೆಂದು ಬರೆದರೆ ಆ ಕಾಗದ ತಾವು ಮುಟ್ಟುವುದಿಲ್ಲ. ಆದರೆ ಆ ಹೆಣ್ಣುಮಗಳು ತಾನಾಗಿ ಗುರುತು ಹಾಕಿದರೆ ಧಾರವಾಡಕ್ಕೆ ತಾವೇ ಒಯ್ಯುತ್ತಾರೆ.

ಮರುದಿನ ಪ್ರಭುಲಿಂಗಪ್ಪನವರ ಹತ್ತಿ ಗಾಡಿಯಲ್ಲಿ ಮೂವರೂ ಮುಶಿಗೇರಿಗೆ ಹೋಗುತ್ತಾರೆ. ಏಳು ವರ್ಷದಲ್ಲಿ ಕೆಲಸದ ದಿನ ಕರೆವ್ವ ಕಲ್ಲು ಬಿಟ್ಟು ಎದ್ದದ್ದು ಇದೇ ಮೊದಲು. ದಾರಿಯುದ್ದಕ್ಕೂ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಹೆಂಗಸರು ನೆಟ್ಟಗಾಗಿ ನಿಂತು ನೋಡುತ್ತಾರೆ: ಎರಡು ಕರಿ ಟೊಪ್ಪಿಗೆಯ ನಡುವೆ ಒಂದು ಮಾಸಿದ ಸೆರಗು. "ಕರೆವ್ವಾ, ಲಗ್ನಕ್ಕ ಹೊಂಟೀ ಏನಬೇ?" ಎಂದು ಒಬ್ಬಳು ಕೂಗುತ್ತಾಳೆ. "ಹೌದು, ನಿನ್ನ ಗಂಡಗ ಹೆಣ್ಣು ನೋಡಾಕ," ಎಂದು ಕರೆವ್ವ ತಿರುಗಿಸಿ ಕೊಡುತ್ತಾಳೆ. ಸಣ್ಣ ಪಾದ್ರಿಗೆ ಅರ್ಥವಾಗಿ ನಗು ಬರುತ್ತದೆ, ದೊಡ್ಡ ಪಾದ್ರಿಯ ಮುಖ ನೋಡಿ ಹೋಗುತ್ತದೆ.

ರೇಣುಕವ್ವ ಬೀಸುವ ಕಲ್ಲಿನ ಮುಂದೆ ಕೂತಿದ್ದಾಳೆ. ಇಪ್ಪತ್ತೆಂಟರ ಹೆಣ್ಣುಮಗಳು. ಗೂಟ ಹಿಡಿದ ಕೈ ಮೊಣಕೈಯ ತನಕ ಬರಿದಾಗಿದೆ. ತಲೆ ಎತ್ತದೆ ಕೇಳುತ್ತಾಳೆ: "ಏನಬೇ, ಎರಡೆರಡ ಗಲ್ಲ ಕೇಳೂ ಪಾದ್ರಿನ್ನ ಮತ್ತ ಕರಕೊಂಡು ಬಂದಿ? ನನ್ನ ಹೆಸರಿನ ಮ್ಯಾಲ ಎರಡನೇ ಹೆಣ ಬ್ಯಾಡ ಅಂತಽ ಬಾಗಲಾ ಹಾಕಿದ್ದು."

ಕರೆವ್ವ ಅವಳೆದುರು ಕುಕ್ಕರುಗಾಲಲ್ಲಿ ಕೂತು, ತನ್ನ ಕೆನ್ನೆಯನ್ನೇ ಚಟ್ಟನೆ ಹೊಡೆದುಕೊಳ್ಳುತ್ತಾಳೆ. "ಇದಕ್ಕ ಏನಂತಿ?"

"ಗಲ್ಲ."

"ಆ ಹುಡುಗ ಕೇಳಿದ್ದು ಇದನ್ನ, ತಂಗಿ."

ರೇಣುಕವ್ವ ಕರೆವ್ವನ ಕೆನ್ನೆ ನೋಡುತ್ತಾಳೆ. ಪಾದ್ರಿಯ ಕೆಂಪು ಗಡ್ಡ ನೋಡುತ್ತಾಳೆ. ಬಾಯಿಗೆ ಸೆರಗು ಹೋಗುತ್ತದೆ, ಭುಜ ಅಲುಗುತ್ತದೆ. ನಗುತ್ತಿದ್ದಾಳೆ. ಗಂಡ ಹೋದ ಮೇಲೆ ಈ ಮನೆಯಲ್ಲಿ ಹುಟ್ಟಿದ ಮೊದಲ ನಗು ಅದು. ಅರ್ಧಕ್ಕೆ ಬಂದು ಅಳುವಾಗುತ್ತದೆ.

"ಈಗ ಕಾಗದ ಓದತಾರ," ಎನ್ನುತ್ತಾಳೆ ಕರೆವ್ವ ಆಮೇಲೆ. "ನೀ ಬೀಸಾಕ ಹತ್ತು. ಎಲ್ಲಿ ಖೊಟ್ಟಿ ಅನಸ್ತೈತಿ ಅಲ್ಲಿ ಕೈ ನಿಲ್ಲಸು. ಯಾರೂ ನಿಂಗ ಏನೂ ಹೇಳೂದಿಲ್ಲ. ನಾನೂ ಹೇಳೂದಿಲ್ಲ."

ಬೀಸುಕಲ್ಲು ತಿರುಗುತ್ತದೆ, ಓದು ಸಾಗುತ್ತದೆ. ಹತ್ತಿ ಹಿಂಜುವ ಬಿಲ್ಲು, ಬಾಣ ಇಲ್ಲದ್ದು, ಎಂಬಲ್ಲಿ ಕೈ ತಡೆಯುವುದಿಲ್ಲ. ಕೊಡತಿಯ ಪೆಟ್ಟಿನ ಹತ್ತಿರ ಕೈ ನಿಧಾನವಾಗುತ್ತದೆ, ಆದರೂ ನಿಲ್ಲುವುದಿಲ್ಲ. "ಆ ಪೆಟ್ಟಿನಿಂದ ಒಬ್ಬ ಜವಾನನು ಮೃತನಾದನು..."

ಕಲ್ಲು ನಿಲ್ಲುತ್ತದೆ.

"ಒಬ್ಬ ಜವಾನ?" ಎನ್ನುತ್ತಾಳೆ ರೇಣುಕವ್ವ. "ಆತಗ ಹೆಸರಿಲ್ಲೇನ್ರಿ? ಕೊಂದಾವಂದು ನಾಕ ಸಲ ಬಂತು ಹೆಸರು. ಅವನ ಹೇಣ್ತಿದು ಬಂತು. ನನ್ನ ಗಂಡ ಎಲ್ಲೆ?"

ಪಡಸಾಲೆಯಲ್ಲಿ ದೊಡ್ಡ ಪಾದ್ರಿ ಕೇಳಿದ ಪ್ರಶ್ನೆಯೇ ಇದು. ಆದರೆ ಅವರು ಗೆದ್ದವರಂತೆ ನೋಡುವುದಿಲ್ಲ, ತಲೆ ತಗ್ಗಿಸುತ್ತಾರೆ. ಸಣ್ಣ ಪಾದ್ರಿ ಆ ಸಾಲಿಗೆ ಗೀಟು ಹಾಕಿ, "ಹೇಳಿರಿ, ತಾಯಿ. ಬರೆಯುತ್ತೇನೆ," ಎನ್ನುತ್ತಾರೆ.

ಅವಳು ಹೇಳುತ್ತಾಳೆ. ಮುಶಿಗೇರಿಯ ಶಿವನಪ್ಪ. ವಯಸ್ಸು ಮೂವತ್ತೊಂದು. ಬಿಸಿಲಿಗೆ ಆಗುತ್ತಿರಲಿಲ್ಲ, ತಲೆನೋವು ಬರುತ್ತಿತ್ತು. ಪಟ್ಟಿ ಓದಲು ಬರುತ್ತಿರಲಿಲ್ಲ, ಬಾಯಿಪಾಠ ಮಾಡಿಕೊಂಡಿದ್ದ. ಮನೆಯಲ್ಲೂ ಅದನ್ನೇ ಹೇಳಿಕೊಳ್ಳುತ್ತಿದ್ದ, ಕತ್ತಿ, ಭರ್ಚಿ, ಬಂದೂಕು, ಬಿಲ್ಲು, ಎಲ್ಲಿ ಮರೆತೇನೋ ಎಂದು. ಎಲ್ಲವೂ ಕಾಗದಕ್ಕೆ ಬರುತ್ತದೆ. ತಲೆನೋವನ್ನೂ ಬರೆಯಬೇಕೆ ಎಂದು ಸಣ್ಣ ಪಾದ್ರಿ ಒಂದು ಗಳಿಗೆ ಅನುಮಾನಿಸಿದಾಗ, "ಬರೆ," ಎಂದವರು ದೊಡ್ಡ ಪಾದ್ರಿ.

ಮೊದಲಿನಿಂದ ಮತ್ತೆ ಓದು. ಈ ಸಲ ಬೀಸುಕಲ್ಲು ಕೊನೆಯ ತನಕ ನಿಲ್ಲುವುದಿಲ್ಲ. ಮುಗಿದ ಮೇಲೂ ನಾಲ್ಕು ಸುತ್ತು ತಿರುಗಿ ನಿಲ್ಲುತ್ತದೆ.

"ನಾ ಅವಗ ಕ್ಷಮಾ ಮಾಡೇನಿ ಅಂತ ಬರೀಬ್ಯಾಡ್ರಿ," ಎನ್ನುತ್ತಾಳೆ ರೇಣುಕವ್ವ. "ಇನ್ನೂ ಮಾಡಿಲ್ಲ. ಮಾಡ್ತೀನೋ ಇಲ್ಲೋ. ಅವನ್ನ ಕೊಲ್ಲಬ್ಯಾಡ್ರಿ ಅಂತ ಅಷ್ಟ ಬರೀರಿ." ಆಮೇಲೆ ಬರಿ ಕೈ ನೋಡಿಕೊಳ್ಳುತ್ತಾಳೆ. "ನಿಶಾನಿ ಹ್ಯಾಂಗ ಹಾಕ್ಲಿ?"

ಈ ಸೀಮೆಯಲ್ಲಿ ಓದುಬಾರದ ಒಕ್ಕಲಿಗ ಕಾಗದದ ಮೇಲೆ ನೇಗಿಲ ಗುರುತು ಬರೆಯುತ್ತಾನೆ, ಹೆಂಗಸು ಬಳೆಯ ಗುರುತು. ಬಳೆಯೇ ಇಲ್ಲದವಳು ಏನು ಬರೆಯಬೇಕೆಂದು ಯಾವ ಕಚೇರಿಯೂ ಹೇಳಿಲ್ಲ. ರೇಣುಕವ್ವ ಕರೆವ್ವನ ಕೈ ನೋಡುತ್ತಾಳೆ, ಅದೂ ಬರಿದು.

"ನಿಂದು ಏನು ನಿಶಾನಿ?"

"ನಂದು ಸಲಾಕಿ. ಉದ್ದಕ ಒಂದ ಗೀಟು," ಎನ್ನುತ್ತಾಳೆ ಕರೆವ್ವ. "ನಿಮ್ಮ ದೇವರೂ ಒಂದ್ಸಲ ಕೊಲ್ಲಬ್ಯಾಡ್ರಿ ಅಂತ ನಿಶಾನಿ ಹಾಕಿದ್ದ ಅಂದ್ರಲ್ರಿ, ಸಣ್ಣಪ್ಪಾರ? ಅದು ಹ್ಯಾಂಗಿತ್ತು?"

"ಯಾರಿಗೂ ಗೊತ್ತಿಲ್ಲ," ಎನ್ನುತ್ತಾರೆ ಸಣ್ಣ ಪಾದ್ರಿ.

"ಹಂಗಾರ ನಿಂಗ ತಿಳಿದಂಗ ಹಾಕು, ತಂಗಿ."

ರೇಣುಕವ್ವ ಲೆಕ್ಕಣಿಕೆಯನ್ನು ಗೂಟ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಕಾಗದದ ಕೆಳಗೆ ಬಳೆ ಬರೆಯತೊಡಗುತ್ತಾಳೆ. ಅರ್ಧಕ್ಕೆ ಕೈ ಎತ್ತಿಬಿಡುತ್ತಾಳೆ. ಒಡೆದ ಬಳೆಯ ಒಂದು ತುಂಡು. ಬಾಗಿದ, ಬಾಯಿ ತೆರೆದ ಗೀಟು.

"ನಂದು ಇಷ್ಟಽ ಉಳದೈತಿ," ಎನ್ನುತ್ತಾಳೆ. "ಖಾಜಾಬಿದು ಪೂರ್ತಿ ಇರ್ಲಿ."

ಹೊರಗೆ ಬಂದ ಮೇಲೆ ದೊಡ್ಡ ಪಾದ್ರಿ ಕಾಗದವನ್ನು ಎರಡು ಸಲ ಮಡಚಿ ಎದೆಯ ಕಿಸೆಯಲ್ಲಿಟ್ಟು ಗುಂಡಿ ಹಾಕಿಕೊಳ್ಳುತ್ತಾರೆ. "ಸರ್ಕಾರದ ಕೈಯಲ್ಲಿ ಕತ್ತಿ ಇದೆಯೆಂದು ನಾನು ಈಗಲೂ ಹೇಳುತ್ತೇನೆ," ಎನ್ನುತ್ತಾರೆ. "ಆದರೆ ಕತ್ತಿ ಕೊಟ್ಟವನು ಒರೆಯನ್ನೂ ಕೊಟ್ಟಿದ್ದಾನೆ." ಸಣ್ಣ ಪಾದ್ರಿ ಇದಕ್ಕೂ ವಾದ ಹೂಡಲು ಬಾಯಿ ತೆರೆಯುತ್ತಾರೆ. ಕರೆವ್ವ ಅವರ ತೋಳು ಚಿವುಟುತ್ತಾಳೆ.

ಅದಾಗಿ ಇಪ್ಪತ್ತಾರು ದಿನ. ಅರ್ಜಿ ವೇಳೆಗೆ ಮುಟ್ಟಿದೆ, ಗಲ್ಲಿಗೆ ತಡೆ ಬಿದ್ದಿದೆ, ಉತ್ತರವಿಲ್ಲ; ಅದಕ್ಕೆ ಕಾಯುತ್ತ ದೊಡ್ಡ ಪಾದ್ರಿ ಧಾರವಾಡದಲ್ಲೇ ಉಳಿದಿದ್ದಾರೆ. ಕರೆವ್ವ ದಿನದ ಹನ್ನೆರಡು ಸೇರು ಬಿಡಿಸುತ್ತಾಳೆ, ಸಣ್ಣ ಪಾದ್ರಿ ದಿನದ ಹಾಳೆ ಓದುತ್ತಾರೆ. ಸಂತೆಯಲ್ಲಿ ಹೇಳುವ ನಾಲ್ಕು ಮಾತನ್ನೂ ಈಗ ಮೊದಲು ಇಲ್ಲೇ ಓದುತ್ತಾರೆ. ಏನಾದೀತು ಎಂದು ಯಾರಾದರೂ ಕೇಳಿದರೆ ಅವಳದು ಒಂದೇ ಉತ್ತರ: "ಮಾತು ಸ್ವಚ್ಛ ಮಾಡಿ ಕಳಸೇನ್ರಿ. ಅರಳಿಯಾಗ ಒಂದ ಕಾಳೂ ಬಿಟ್ಟಿಲ್ಲ."

ಇಪ್ಪತ್ತೇಳನೆಯ ಬೆಳಿಗ್ಗೆ ದೊಡ್ಡ ಪಾದ್ರಿ ಕುದುರೆ ಇಳಿದು, ಧೂಳು ಮೈಯಲ್ಲೇ ಪಡಸಾಲೆಗೆ ಬರುತ್ತಾರೆ. ಕಿಸೆಯ ಗುಂಡಿ ಬಿಚ್ಚುತ್ತಾರೆ. ಸಾಹೇಬರ ಕಾಗದ ಇಂಗ್ಲಿಷಿನದು. ದಾರಿಯಲ್ಲೇ ಅದನ್ನು ಕನ್ನಡಕ್ಕೆ ತಂದಿದ್ದಾರೆ. ಆದರೆ ಕಟ್ಟಳೆ ಕಟ್ಟಳೆಯೇ. ಮಣೆಯ ಎದುರು ನಿಂತು ಓದುತ್ತಾರೆ. ಸಲಾಕೆ ಉರುಳುತ್ತದೆ.

ಸಿಕ್ಕ ಬಿಲ್ಲು ಹತಾರವಲ್ಲ, ಹತ್ತಿ ಹಿಂಜುವ ಸಾಮಾನು ಎಂದು ಕಂಡುಬಂದಿದೆ. ಘರ್ರ್. ಮೃತ ಶಿವನಪ್ಪನ ಹೆಂಡತಿ ರೇಣುಕವ್ವಳ ಗುರುತನ್ನು ನೋಡಲಾಗಿದೆ. ಘರ್ರ್. ಕೈದಿಯನ್ನು ಕರಿನೀರಿನಾಚೆ ಕಳಿಸತಕ್ಕದ್ದು. ಘರ್ರ್. ಅವನ ಜೀವ ತೆಗೆಯತಕ್ಕದ್ದಲ್ಲ.

ಸಲಾಕೆ ನಿಲ್ಲುತ್ತದೆ.

ದೊಡ್ಡ ಪಾದ್ರಿ ಗಾಬರಿಯಿಂದ ಕಾಗದ ಕಣ್ಣಿಗೆ ಹತ್ತಿರ ಹಿಡಿಯುತ್ತಾರೆ. "ತಿಳಿಯಲಿಲ್ಲವೇ? ಯಾವ ಪದ?"

"ತಿಳಿತ್ರಿ," ಎನ್ನುತ್ತಾಳೆ ಕರೆವ್ವ. "ಭಾಳ ಚಲೋ ತಿಳಿತು. ಅದಕ್ಕಽ ನಿಂತೈತಿ."

ಗಡಿಗೆಗೆ ಅವಳು ಕಾಳು ಹಾಕುವುದಿಲ್ಲ. ಪಾದದ ಅಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು, ಮೊಣಕಾಲಿಗೆ ಕೈ ಕೊಟ್ಟು ಏಳುತ್ತಾಳೆ. ಬಿಡಿಸದ ಹತ್ತಿ ಕಲ್ಲಿನ ಮೇಲೆಯೇ ಉಳಿಯುತ್ತದೆ. ಪಿಂಜಾರರ ಓಣಿ ದೂರವಿಲ್ಲ, ಆದರೆ ಅವಳು ನಿಧಾನ ನಡೆಯುತ್ತಾಳೆ. ನಡೆಯುತ್ತ ಮಾತು ಹೆಕ್ಕುತ್ತಾಳೆ. ಗಲ್ಲು ತಪ್ಪಿತು ಎನ್ನಲೇ? ಬೇಡ, ಆ ಮಾತಿಗೆ ಎರಡು ಮುಖ. ಮಾಫಿ ಆಯಿತು ಎನ್ನಲೇ? ಪೂರ್ತಿ ಆಗಿಲ್ಲ, ಸುಳ್ಳಾಗುತ್ತದೆ. ಕರಿನೀರು ಎಂದು ಶುರುಮಾಡಿದರೆ ಕೇಳುವವಳ ಎದೆ ಅಲ್ಲೇ ಒಡೆದೀತು. ಅದು ಎರಡನೆಯ ಮಾತು. ಮೊದಲನೆಯದು ಯಾವ ಕಿವಿಯಲ್ಲೂ ತಪ್ಪಬಾರದು.

ಖಾಜಾಬಿ ಬಾಗಿಲಲ್ಲೇ ನಿಂತಿದ್ದಾಳೆ. ಎಡಗೈಗೆ ಇನ್ನೂ ಸೆರಗು ಸುತ್ತಿಕೊಂಡಿದ್ದಾಳೆ. ಕರೆವ್ವ ಬರುವುದನ್ನು ನೋಡಿ ಹೊಸ್ತಿಲು ಇಳಿಯುತ್ತಾಳೆ.

ಕರೆವ್ವ ಹತ್ತಿರ ಹೋಗಿ ಆ ಸೆರಗಿನ ಸುತ್ತನ್ನು ಒಂದೊಂದಾಗಿ ಬಿಚ್ಚುತ್ತಾಳೆ. ಹಸಿರು ಬಳೆಗಳು ಸಡಿಲಾಗಿ ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ.

"ಬಳಿ ಇರ್ಲಿ, ಖಾಜಾಬಿ," ಎನ್ನುತ್ತಾಳೆ.